ಸೊಂಟಮಟ್ಟದ ಹೊಂಡ

ಗಂಗೂ ಮೀನಿನ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದಾಳೆಂಬ ಸುದ್ದಿ ಕೇರಿಗೆಲ್ಲ ಹರಡಲು ಒಂದು ಬೆಳಗು ಸಾಕಾಯಿತು. ಅಂಕೋಲೆಯ ಕಡಲದಂಡೆಯ ಆ ಕೇರಿಯಲ್ಲಿ ಬುಟ್ಟಿ ಅಂದರೆ ಬಂಗಡೆ, ತಾರ್ಲೆ, ಸಿಗಡಿ. ಅದರಲ್ಲಿ ಗದ್ದೆಯ ಕಪ್ಪು ಮಣ್ಣು ತುಂಬಿಕೊಂಡು, ಕೆನ್ನೆಯ ಮೇಲೆ ಕೆಸರುನೀರು ಇಳಿಸಿಕೊಂಡು, ಮೂರು ವರ್ಷದ ಮಗಳು ಪ್ರೀತಿಯನ್ನು ಸೆರಗು ಹಿಡಿಸಿ ನಡೆಸಿಕೊಂಡು ಬರುತ್ತಿದ್ದವಳನ್ನು ನೋಡಿ, ಬಲೆ ಹೆಣೆಯುತ್ತ ಕೂತಿದ್ದ ಗಂಡಸರು ಕೈ ನಿಲ್ಲಿಸಿದರು.

"ಏ ಗಂಗೂ, ಇವತ್ತು ಯಾವ ಮೀನೇ?"

"ಮಣ್ಣುಮೀನು. ಮುಳ್ಳಿಲ್ಲ. ನಿನ್ನಂಥ ಹಲ್ಲಿಲ್ಲದವಂಗೆ ಚಲೋ ಆಗ್ತದೆ. ಹಾಕ್ಲಾ?"

ಅವರು ನಕ್ಕರು. ಗಂಗೂಗೆ ನಗು ಬರಲಿಲ್ಲ. ಇನ್ನೂ ಹತ್ತು ಬುಟ್ಟಿ ಮಣ್ಣು ಆಗಬೇಕಿತ್ತು, ಬಿಸಿಲು ಏರುವುದರೊಳಗೆ.

ಅದು ಎರಡು ಸಾವಿರದ ಐದನೇ ಇಸವಿ. ಮಳೆ ಹಿಂದೆ ಸರಿದು, ನವರಾತ್ರಿ ಕಳೆದು, ಆ ಸೀಮೆಯ ಹಿತ್ತಿಲುಗಳಲ್ಲೆಲ್ಲ ಹರಿವೆ ಬೀಜ ಬೀಳುವ ಹೊತ್ತು. ಗಂಗೂ ಹುಟ್ಟಿದ್ದು ಸುಂಕಸಾಳದ ಬೇಸಾಯದ ಮನೆಯಲ್ಲಿ. ಯಲ್ಲಾಪುರ ರಸ್ತೆಯ ಮೇಲಿನ ಆ ಊರಿಗೆ ಎಂ-ಏಟಿ ಗಾಡಿಯ ಹಿಂದೆ ಮೀನು ಕಟ್ಟಿಕೊಂಡು, ಪೋಂ ಪೋಂ ಎಂದು ಹಾರ್ನ್ ಒತ್ತುತ್ತ ಮಧುಕರ ಬರುತ್ತಿದ್ದ. ಅವನು ತೂಕಕ್ಕಿಂತ ಎರಡು ಬಂಗಡೆ ಹೆಚ್ಚು ಹಾಕುವುದು ಇವಳೊಬ್ಬಳಿಗೇ ಎಂದು ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಇಬ್ಬರೂ ಗಾಡಿ ಹತ್ತಿ ಕಡಲದಂಡೆ ಸೇರಿದ್ದರು. ತವರಿನವರು ಅವಳ ಹೆಸರೆತ್ತುವುದನ್ನು ಬಿಟ್ಟರು. ಇಲ್ಲಿ ಮಧುಕರನ ತಾಯಿ ಹೊನ್ನು ಅವಳ ಹೆಸರು ಹಿಡಿಯಲೇ ಇಲ್ಲ. ನಾಲ್ಕು ವರ್ಷ 'ಗದ್ದೆಯವಳು' ಎಂದೇ ಕರೆದಳು.

ಆ ವರ್ಷದ ಮೇ ತಿಂಗಳಲ್ಲಿ, ಸುಂಕಸಾಳದ ತಿರುವಿನಲ್ಲಿ, ಅದಿರಿನ ಲಾರಿಯೊಂದು ಮಧುಕರನ ಗಾಡಿಯ ಮೇಲೆ ಹೋಯಿತು. ರಸ್ತೆಯ ಮೇಲೆ ಚೆಲ್ಲಿದ್ದ ಮೀನನ್ನು ಯಾರೋ ಬಳಿದುಕೊಂಡು ಹೋಗಿದ್ದರು. ಗಾಡಿಯ ಹಾರ್ನ್ ಮಾತ್ರ ಹಾಗೇ ಉಳಿದಿತ್ತು. ಪ್ರೀತಿ ಅದನ್ನು ಮನೆಯ ಮೂಲೆಯಲ್ಲಿ ಕೂತು ಒತ್ತಿ ಒತ್ತಿ ಆಡುವಳು. ಹೊನ್ನು ಒಂದು ದಿನ ಅದನ್ನು ಕಿತ್ತುಕೊಂಡು ಕಡಲಿಗೆ ಎಸೆದು ಬಂದಳು.

ಹದಿಮೂರನೇ ದಿನದ ಊಟವಾದ ಮೇಲೆ ಕೇರಿಯ ಹಿರಿಯ ದುರ್ಗಪ್ಪನ ಎದುರಿಗೆ ಹೊನ್ನು ಮಾತು ತೆಗೆದಳು. "ಮಗು ನನ್ನ ಮಗಂದು. ಅದು ಇಲ್ಲಿರ್ಲಿ. ಗದ್ದೆಯವಳು ಗದ್ದೆಗೆ ಹೋಗ್ಲಿ."

"ಮಗು ಬಿಟ್ಟು ನಾ ಎಲ್ಲಿಗೂ ಹೋಗೋದಿಲ್ಲ" ಎಂದಳು ಗಂಗೂ.

"ಇದ್ದು ಎಂತಾ ತಿಂತೆ? ಮೀನು ಬುಟ್ಟಿ ಹೊರೋಕೆ ಬರೋದಿಲ್ಲ, ಪೇಟೇಲಿ ಕೂತು ಕೂಗೋಕೆ ಬರೋದಿಲ್ಲ. ನನ್ನ ಮಗನ್ನಂತೂ ತಿಂದಾಯ್ತು."

ಗಂಗೂಗೆ ಬಾಯಿಗೆ ಬಂದದ್ದು ತನಗೆ ಗೊತ್ತಿದ್ದ ಒಂದೇ ಕಸುಬು. "ಮಳೆ ಮುಗೀಲಿ. ಹಿತ್ತಿಲಲ್ಲಿ ತರಕಾರಿ ಮಾಡ್ತೆ. ನಮ್ಮಿಬ್ರ ಹೊಟ್ಟೆ ನಾನೇ ನೋಡ್ಕಳ್ತೆ."

"ಈ ಹೊಯ್ಗೆಯಲ್ಲಾ?" ದುರ್ಗಪ್ಪ ಕಾಲಬೆರಳಿನಿಂದ ಮರಳು ಕೆದಕಿ ತೋರಿಸಿದ. ಸುತ್ತ ಕೂತವರೆಲ್ಲ ನಕ್ಕರು. ಅವನು ಕೆಟ್ಟ ಮನುಷ್ಯನಲ್ಲ. ಬೇಗ ಮುಗಿಸಿ ಮನೆಗೆ ಹೋಗಬೇಕಾಗಿದ್ದ ಮನುಷ್ಯ. "ಆಯ್ತು, ಮಾಡು. ಶಿವರಾತ್ರಿ ದಿನ ನಾನೇ ಬಂದು ನೋಡ್ತೆ. ಹಿತ್ತಿಲು ಹಸಿರಾಗಿ ನಿಂತಿದ್ರೆ ಹಿಂದಿನ ಕೋಣೆ ನಿಂದು, ಹಿತ್ತಿಲು ನಿಂದು, ಮಗೂನೂ ನಿಂದು. ಇಲ್ಲದಿದ್ರೆ ಮಗು ಅಜ್ಜಿ ಹತ್ರ, ನೀನು ನಿನ್ನ ದಾರಿ. ಒಪ್ಪಿಗೆಯಾ?"

ಗಂಗೂ ಒಪ್ಪಿದಳು. ಹೊನ್ನು ಅವಳಿಗಿಂತ ಮೊದಲೇ ಒಪ್ಪಿದ್ದಳು.

ಮಳೆಗಾಲವಿಡೀ ಅವರಿವರ ಗದ್ದೆಯಲ್ಲಿ ನೆಟ್ಟಿ ಮಾಡಿ, ಕೂಲಿಗೆ ಅಕ್ಕಿ ತಂದು, ಹಿಂದಿನ ಕೋಣೆಯಲ್ಲೇ ಮೂರು ಕಲ್ಲಿನ ಒಲೆ ಹೂಡಿ ಗಂಜಿ ಬೇಯಿಸಿದಳು. ಮಳೆ ನಿಂತದ್ದೇ ಮಣ್ಣು ಹೊರತೊಡಗಿದಳು. ಅರ್ಧ ಮೈಲಿ ಆಚೆಯ ಗದ್ದೆಯ ಅಂಚಿನಿಂದ ದಿನಕ್ಕೆ ಹದಿನೈದು ಬುಟ್ಟಿ. ಮರಳನ್ನು ಮೊಳದಗಲ ಕೆದರಿ, ತಳಕ್ಕೆ ತೆಂಗಿನ ಸಿಪ್ಪೆ ಹಾಸಿ, ಅದರ ಮೇಲೆ ಗದ್ದೆಮಣ್ಣು, ಅದರ ಮೇಲೆ ಸೆಗಣಿಗೊಬ್ಬರ. ಕೇರಿಯವರು ಚೆಲ್ಲುವ ಮೀನಿನ ತಲೆ, ಕರುಳನ್ನು ಹಿಡಿದಿಟ್ಟಿದ್ದ ಮಳೆನೀರಲ್ಲಿ ಮೂರು ಸಲ ತೊಳೆದು ಗುಂಡಿಯಲ್ಲಿ ಕೊಳೆಹಾಕಿ ಅದನ್ನೂ ಸೇರಿಸಿದಳು. ಮಧುಕರನ ಹಳೇ ಬಲೆಯನ್ನು ಗೂಟಕ್ಕೆ ಸುತ್ತಿ ಬೇಲಿ ಕಟ್ಟಿದಳು. ಒಳಗೆ ಇನ್ನೊಂದು ತುಂಡನ್ನು ಅಲಸಂದೆ ಬಳ್ಳಿಗೆಂದು ನೆಟ್ಟಗೆ ನಿಲ್ಲಿಸಿದಳು.

"ಇದೆಂತಾ ಗೋ, ಬಲೇಲಿ ಬೀನ್ಸು ಹಿಡಿತೆಯಾ?" ಎಂದಳು ಪಕ್ಕದ ಮನೆಯ ಜಯಂತಿ ಬೇಲಿಯಾಚೆಯಿಂದ.

"ಬಂಗಡೆಯಷ್ಟು ಓಡೋದಿಲ್ಲ ಜಯಂತಕ್ಕ. ಹಿಡಿಯೋಕೆ ಸಸಾರ."

ಹರಿವೆ ಬೀಜಕ್ಕೆ ನುಣ್ಣನೆ ಮರಳು ಕಲಸಿ ಎರಚಿದಳು. ಇಲ್ಲವಾದರೆ ಅಷ್ಟು ಸಣ್ಣ ಬೀಜ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಇರುವೆಗೆಂದು ಸುತ್ತ ಬೂದಿಗೆರೆ ಎಳೆದಳು. ಪ್ರೀತಿಗೆ ಒಂದು ಮಾರು ಜಾಗ ಬಿಟ್ಟುಕೊಟ್ಟು, ಮೂಲಂಗಿ ಬೀಜ ಬೆರಳಿನಿಂದ ಒತ್ತುವುದನ್ನು ಕಲಿಸಿದಳು. ಮಗು ಒತ್ತಿತು, ಮರುದಿನ ಕೆದರಿ ನೋಡಿತು, ಅದರ ಮರುದಿನ ಮತ್ತೆ ಕೆದರಿತು. ಆರನೇ ದಿನಕ್ಕೆ ಬೈದು ಬೈದು ಸಾಕಾಗಿ ಗಂಗೂ ಅಲ್ಲೊಂದು ತೆಂಗಿನಗರಿ ಮುಚ್ಚಿಟ್ಟಳು.

ಹಿತ್ತಿಲ ಮೂಲೆಯಲ್ಲಿ ನೀರಿನ ಹೊಂಡವಿತ್ತು. ಸುತ್ತ ನಾಲ್ಕು ಚಿರೆಕಲ್ಲು, ನಡುವೆ ಸೊಂಟಮಟ್ಟ ಇಳಿದ ಮರಳುಗುಂಡಿ, ಅದರಲ್ಲಿ ತಿಳಿನೀರು. ಹೊನ್ನು ಬೆಳಿಗ್ಗೆ ಮಾತ್ರ ನೀರು ತೆಗೆಯುವಳು. ತಂಬಿಗೆಯನ್ನು ಓರೆ ಹಿಡಿದು ಮೇಲುಮೇಲಿಂದ, ಹಾಲಿನ ಕೆನೆ ತೆಗೆದ ಹಾಗೆ. ಕೊಡ ಮುಳುಗಿಸುತ್ತಲೇ ಇರಲಿಲ್ಲ. ಮುದುಕಿಯ ಮಡಿ ಎಂದುಕೊಂಡ ಗಂಗೂ ತಾನೂ ತಂಬಿಗೆಯಲ್ಲೇ ತೆಗೆದಳು. ಅತ್ತೆಗೆ ಬೈಯಲು ಇನ್ನೊಂದು ಕಾರಣ ಬೇಡ ಎಂದಷ್ಟೇ.

ಇಪ್ಪತ್ತೈದನೇ ದಿನಕ್ಕೆ ಹರಿವೆ ಕೊಯ್ಲಿಗೆ ಬಂತು. ಮರಳಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು. ನಲವತ್ತನೇ ದಿನಕ್ಕೆ ಮೂಲಂಗಿ. ಗಂಗೂ ಅಂಕೋಲೆ ಪೇಟೆಯ ಒಂದು ಮೂಲೆಯಲ್ಲಿ ಗೋಣಿ ಹಾಸಿ ಕೂತಳು. ಮೀನು ಮಾರಲು ಹೋದಾಗ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿದ್ದ ಕೂಗು ಈಗ ತಾನಾಗಿ ಹೊರಬಂತು. "ಬನ್ನಿ ಬಾಯೋರೇ, ಬೆಳಿಗ್ಗೆ ಕಿತ್ತ ಹರಿವೆ, ಬೇರಿನ ನೀರು ಆರಿಲ್ಲ!" ಪಕ್ಕದಲ್ಲಿ ಪ್ರೀತಿ ಮೂಲಂಗಿ ಕಚ್ಚಿ, ಖಾರಕ್ಕೆ ಮೂಗು ಸೋರಿಸಿಕೊಂಡು, ಮತ್ತೆ ಕಚ್ಚುತ್ತಿತ್ತು. ಕೇರಿಯ ಹೆಂಗಸರೂ ಒಬ್ಬೊಬ್ಬರಾಗಿ ಬಂದರು. ಎರಡು ಕಟ್ಟು ಸೊಪ್ಪಿಗೆ ಒಂದು ತಟ್ಟೆ ತಾರ್ಲೆ. ಮಗುವಿನ ಕೆನ್ನೆ ತುಂಬಿಕೊಂಡಿತು.

ಮೊದಲ ಕೊಯ್ಲಿನಲ್ಲಿ ಒಂದು ಕಟ್ಟನ್ನು ಗಂಗೂ ಅತ್ತೆಯ ಬಾಗಿಲಲ್ಲಿಟ್ಟಿದ್ದಳು. ಹೊನ್ನು ಅದನ್ನೆತ್ತಿ, ಇವಳು ನೋಡುತ್ತಿರುವಾಗಲೇ, ದಾರಿಯಲ್ಲಿದ್ದ ಆಡಿಗೆ ಹಾಕಿದಳು. ಅದು ತಿಂದು ಮುಗಿಸುವವರೆಗೂ ಅದರ ಬೆನ್ನು ಸವರುತ್ತ ನಿಂತಳು.

ಸಂಕ್ರಾಂತಿ ಕಳೆಯಿತು. ಬದನೆ ಹೂ ಬಿಟ್ಟಿತ್ತು, ಬಲೆಯ ತುಂಬ ಅಲಸಂದೆ ಹಬ್ಬಿತ್ತು, ಮೊಗೆಕಾಯಿಯ ಬಳ್ಳಿ ನೆಲದ ಮೇಲೆ ಹರಿದು ಮುಷ್ಟಿಗಾತ್ರದ ಕಾಯಿ ಹೊತ್ತಿತ್ತು. ನೀರು ಮಾತ್ರ ಇಳಿಯುತ್ತ ಬಂದು ಹೊಂಡದ ತಳದಲ್ಲಿ ತಂಬಿಗೆ ಗೀಚುವ ಸದ್ದು ಶುರುವಾಯಿತು. ಶಿವರಾತ್ರಿಗೆ ಇನ್ನು ಆರು ವಾರ. ಸುಂಕಸಾಳದಲ್ಲಿ ಹೀಗಾದರೆ ಯಾರೂ ಎರಡು ಸಲ ಯೋಚಿಸುವುದಿಲ್ಲ. ಬಾವಿಗೆ ಇಳಿಯುತ್ತಾರೆ, ತೋಡುತ್ತಾರೆ. ಅಲ್ಲಿ ಕೆಳಗೆ ಹೋದಷ್ಟೂ ನೀರು ತಣ್ಣಗೆ, ಸಿಹಿ. ಆದರೂ ಇದು ಅತ್ತೆಯ ಹೊಂಡ ಎಂದು ಗಂಗೂ ಕೇಳಲು ಹೋದಳು.

"ಅತ್ತೆ, ಹೊಂಡ ಇನ್ನೊಂದಿಷ್ಟು ತೋಡ್ಲಾ?"

ಹೊನ್ನು ಒಣಮೀನು ತಿರುವಿ ಹಾಕುತ್ತಿದ್ದಳು. ಕೈ ನಿಂತಿತು. ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ, ಮಗನ ಪಿಕಾಸಿಯನ್ನು ತಂದು ಕೈಗೆ ಕೊಟ್ಟಳು.

"ತೋಡು."

ಗಂಗೂವಿನ ಕಣ್ಣು ತೇವವಾಯಿತು. ಮಧುಕರ ಹೋದಮೇಲೆ ಅತ್ತೆ ಅವಳ ಕೈಗೆ ಕೊಟ್ಟ ಮೊದಲ ವಸ್ತು ಅದು.

ಇಡೀ ದಿನ ತೋಡಿದಳು. ಮರಳು ಕುಸಿಯದಂತೆ ತೆಂಗಿನ ದಿಮ್ಮಿ ಅಡ್ಡ ಕೊಟ್ಟು, ಸೊಂಟಮಟ್ಟ ದಾಟಿ, ಎದೆಮಟ್ಟ ದಾಟಿ. ಹೊನ್ನು ಹಿಂಬಾಗಿಲ ಮೆಟ್ಟಿಲ ಮೇಲೆ ಪ್ರೀತಿಯನ್ನು ತೊಡೆಯಲ್ಲಿ ಕೂರಿಸಿಕೊಂಡು ನೋಡುತ್ತಿದ್ದಳು. ಮಗುವಿನ ತಲೆಗೆ ಎಣ್ಣೆ ಹಚ್ಚಿದಳು, ಹೇನು ನೋಡಿದಳು, ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಮಧ್ಯಾಹ್ನ ಇಳಿಹೊತ್ತಿಗೆ ಹೊಂಡದ ಅಂಚಿಗೆ ಬಂದು ಬೆಲ್ಲದ ಚಾ ತುಂಬಿದ ಲೋಟ ಚಾಚಿದಳು. ನಾಲ್ಕು ವರ್ಷದಲ್ಲಿ ಮೊದಲನೇ ಚಾ. ಗಂಗೂ ಕೆಸರುಗೈಯಲ್ಲೇ ಹಿಡಿದು ಸುಡುಸುಡುವುದನ್ನು ಕುಡಿದಳು.

"ಸಾಕಾ ಅತ್ತೆ, ಇಷ್ಟು?"

"ಇನ್ನೊಂದು ಮೊಳ ತೋಡು. ಬ್ಯಾಸಿಗೆಗೂ ಆಗ್ತದೆ" ಎಂದಳು ಹೊನ್ನು.

ಮರುದಿನ ಬೆಳಿಗ್ಗೆ ಹೊಂಡದಲ್ಲಿ ಸೊಂಟಮಟ್ಟ ನೀರು ನಿಂತಿತ್ತು. ಗಂಗೂ ಕೊಡ ಮುಳುಗಿಸಿ ಮುಳುಗಿಸಿ ತೆಗೆದಳು. ಹೊನ್ನು ಸೊಂಟದ ಮೇಲೆ ತಾಮ್ರದ ಬಿಂದಿಗೆ ಇಟ್ಟುಕೊಂಡು ಜಯಂತಿಯ ಬಾವಿಯಿಂದ ನೀರು ತರುತ್ತಿದ್ದಳು. ಹೊಸ ಹೊಂಡ ಕದಡಿದೆ ಎಂದು ಹಾಗೆ ಮಾಡುತ್ತಿರಬೇಕು ಅಂದುಕೊಂಡು ಗಂಗೂ ಗಿಡಗಳ ಕಡೆ ತಿರುಗಿದಳು. ಬೆಳಿಗ್ಗೆ ಹದಿನೈದು ಕೊಡ, ಸಂಜೆ ಹದಿನೈದು.

ಒಂದು ವಾರ ಹಿತ್ತಿಲು ಹಾಡಿತು.

ಒಂಬತ್ತನೇ ದಿನ ಹರಿವೆಯ ಎಲೆಯ ಅಂಚು ಬೆಂಕಿ ಸೋಕಿದಂತೆ ಕಂದಿತು. ಮೀನುಗೊಬ್ಬರದ ಕಾವು ಹೆಚ್ಚಾಯಿತೆಂದು ಗಂಗೂ ಇನ್ನೂ ನೀರು ಹೊಯ್ದಳು. ಮೊಗೆಕಾಯಿಯ ಹೂ ಉದುರಿತು. ಇನ್ನೂ ಹೊಯ್ದಳು. ಕುಡಿಯುವಾಗ ನೀರು ನಾಲಗೆಗೆ ಭಾರವೆನಿಸುತ್ತಿತ್ತು. ಆದರೆ ಅವಳ ಊರಿನಲ್ಲೂ ಹೊಸದಾಗಿ ತೋಡಿದ ನೀರು ಹದಿನೈದು ದಿನ ಮಣ್ಣು ಮಣ್ಣಾಗಿಯೇ ಇರುತ್ತದೆ. ಗಂಜಿಗೆ ಉಪ್ಪು ಯಾಕೋ ಹೆಚ್ಚಾಗುತ್ತಿದೆಯೆಂದು ಹಾಕುವುದನ್ನು ಕಡಿಮೆ ಮಾಡಿದಳು. ಆಮೇಲೆ ಬಿಟ್ಟೇಬಿಟ್ಟಳು. ಅಮಾವಾಸ್ಯೆಯ ಭರತಕ್ಕೆ ಕಡಲು ಉಕ್ಕಿ ಇಳಿದ ಮರುದಿನ, ಪಾತಿಯ ಅಂಚಿನಲ್ಲಿ ಬೆಳ್ಳಗೆ ಪುಡಿಯ ಹಾಗೆ ಏನೋ ಕೂತದ್ದು ಕಂಡಿತು.

ಅದನ್ನು ಬೆರಳಿನಿಂದ ಉಜ್ಜಿ ನೋಡುತ್ತ ಕೂತಿದ್ದಾಗ ಪ್ರೀತಿ ಲೋಟ ದೂಡಿತು.

"ಆಯಿ, ಈ ನೀರು ಬೇಡ. ಅಜ್ಜಿ ನೀರು ಬೇಕು."

"ಇದಕ್ಕೆಂತ ಆಗಿದೆಯೇ?"

"ಆಯಿ ತೋಡಿದ ನೀರು ಕುಡೀಬೇಡ ಅಂತೆ. ಹೊಟ್ಟೆ ನೋಯ್ತದಂತೆ. ಕಡಲು ಮೇಲೆ ಬರ್ತದಂತೆ."

"ಯಾರಂದ್ರು?"

"ಅಜ್ಜಿ ಹೇಳ್ತು."

"ಯಾವಾಗ ಹೇಳ್ತು, ಮಗಾ?"

ಮಗು ಹೊಂಡದ ಕಡೆ ಕೈ ತೋರಿಸಿತು. "ನೀನು ಅದ್ರೊಳಗೆ ಇದ್ಯಲ, ಆವಾಗ. ಚಾ ಕುಡಿಯೋ ಮೊದ್ಲು."

ಗಂಗೂ ಬೆರಳಿಗಂಟಿದ ಪುಡಿಯನ್ನು ನಾಲಗೆಗೆ ಇಟ್ಟುಕೊಂಡಳು.

ಹೊನ್ನು ಮೆಟ್ಟುಗತ್ತಿಯ ಮುಂದೆ ಕೂತು ಬಂಗಡೆ ಕೊಯ್ಯುತ್ತಿದ್ದಳು. ಗಂಗೂ ಬಂದು ನಿಂತ ನೆರಳು ಮೀನಿನ ಮೇಲೆ ಬಿದ್ದರೂ ತಲೆ ಎತ್ತಲಿಲ್ಲ.

"ನಿಮ್ಗೆ ಗೊತ್ತಿತ್ತು."

"ಕೇರಿಯ ಚಿಳ್ಳೆಪಿಳ್ಳೆಗೂ ಗೊತ್ತು. ಇಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲ್ತಾ ಇರ್ತದೆ. ಸೊಂಟದ ಕೆಳಗೆ ತೋಡಿ ಕೊಡಗಟ್ಲೆ ಎಳೆದ್ರೆ ಕೆಳಗಿನ ಕಡಲು ಮೇಲೆ ಬರ್ತದೆ. ಆಮೇಲೆ ಒಂದು ಮಳೆಗಾಲ ಹೋದ್ರೂ ಸಿಹಿ ಆಗೋದಿಲ್ಲ."

"ನಾ ಕೇಳಿದ್ನಲ್ಲ ಅತ್ತೆ. ಬಂದು ಕೇಳಿದ್ನಲ್ಲ!"

"ತೋಡ್ಲಾ ಅಂತ ಕೇಳ್ದೆ. ಉಪ್ಪಾಗ್ತದಾ ಅಂತ ಕೇಳ್ಲಿಲ್ಲ." ಹೊನ್ನು ಮೀನಿನ ಹೊಟ್ಟೆಯಿಂದ ಕರುಳು ಎಳೆದು ಬದಿಗಿಟ್ಟಳು. "ತಗಾ, ಗೊಬ್ಬರಕ್ಕೆ."

"ನಿಮ್ಮ ಹೊಂಡಾನೂ ಹೋಯ್ತಲ್ಲ. ನಲವತ್ತು ವರ್ಷ ಕುಡಿದ ನೀರು."

ಆಗ ಹೊನ್ನು ತಲೆ ಎತ್ತಿದಳು. "ಹೊಂಡ ಹೋದ್ರೆ ಜಯಂತಿ ಬಾವಿ ಅದೆ. ಮಗ ಎಲ್ಲಿದ್ದಾನೆ? ಕಾರವಾರದ ಕಡೆ ಮೀನು ಕೊಡ್ತಾ ಇದ್ದವ ಅವ. ಕೋಡಿಬಾಗದ ಮನೆಮನೆಗೆ. ನಿನ್ನ ಮುಖ ನೋಡೋಕೆ ಆ ಲಾರಿ ರಸ್ತೆ ಹಿಡ್ದ. ಮದುವೆ ಆದ ಮೇಲಾದ್ರೂ ಬಿಟ್ನಾ? ಇಲ್ಲ. ನಿನ್ನ ಅವ್ವ ಬಾಗಿಲಲ್ಲಿ ನಿಂತಿದ್ದು ಕಂಡ್ರೆ ಬಂದು ನಿಂಗೆ ಹೇಳ್ಬೇಕಾಗಿತ್ತು ಅವಂಗೆ. ನಡಿ ಈಗ, ಬೆಳಕು ಬಿಡು. ಮುಳ್ಳು ಕಾಣೋದಿಲ್ಲ."

ಅದು ಸುಳ್ಳಾಗಿದ್ದರೆ ಗಂಗೂ ಕೂಗಾಡುತ್ತಿದ್ದಳು. ಅದು ಸುಳ್ಳಲ್ಲ. ಮಧುಕರ ಪ್ರತಿ ವಾರ ಬಂದು ಹೇಳುತ್ತಿದ್ದ, ನಿನ್ನ ಅವ್ವ ಇವತ್ತು ಕೆಂಪು ಸೀರೆ ಉಟ್ಟಿತ್ತು, ನಿನ್ನ ಅವ್ವ ಇವತ್ತು ಅಂಗಳ ಸಾರಿಸ್ತಾ ಇತ್ತು. ಅವಳೇ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದಳು.

ಆ ಸಂಜೆಯೇ ತೋಡಿದ ಮರಳನ್ನೆಲ್ಲ ಹೊಂಡಕ್ಕೆ ವಾಪಸ್ಸು ತುಂಬಿದಳು. ಮೇಲೆ ಬಂದ ಉಪ್ಪುನೀರು ಮೇಲೇ ಉಳಿಯಿತು. ಜಯಂತಿಯ ಬಾವಿಗೆ ಕೊಡ ತೆಗೆದುಕೊಂಡು ಹೋದಳು. ಜಯಂತಿ ಬಾಗಿಲಲ್ಲೇ ನಿಂತು ಸೆರಗು ತಿರುಚಿದಳು. "ಕುಡಿಯೋಕೆ ಒಂದು ಕೊಡ ತಗಂಡು ಹೋಗು, ನಾ ನೋಡ್ಲಿಲ್ಲ ಅಂದ್ಕಳ್ತೆ. ಗಿಡಕ್ಕೆ ಬೇಡ ಮಾರಾಯ್ತಿ. ಹೊನ್ನಕ್ಕ ಮೊದಲೇ ಬಂದು ಹೇಳಿ ಹೋಗಿದೆ. ನಂಗೂ ಅವರ ಮನೆ ಪಕ್ಕದಲ್ಲೇ ಬದುಕ್ಬೇಕು." ಗದ್ದೆಯ ಕಡೆಯ ಕೆರೆಯಿಂದ ಗಂಗೂ ಅರ್ಧ ಮೈಲಿ ನೀರು ಹೊತ್ತಳು. ಹತ್ತು ಕೊಡ, ಹನ್ನೆರಡು ಕೊಡ. ಉಪ್ಪು ಕುಡಿದ ಬೇರಿಗೆ ಅದು ತಲುಪಲೇ ಇಲ್ಲ. ಅಲಸಂದೆ ಬಲೆಯಲ್ಲಿ ಸಿಕ್ಕಿಕೊಂಡೇ ಒಣಗಿತು. ಪ್ರೀತಿಯ ಒಂದು ಮಾರು ಜಾಗದಲ್ಲಿ ತಡವಾಗಿ ಹುಟ್ಟಿದ ಒಂದೇ ಒಂದು ಮೂಲಂಗಿ ಉಳಿದಿತ್ತು. ಗಂಗೂ ಅದಕ್ಕೆ ತನ್ನ ಕುಡಿಯುವ ನೀರು ಹೊಯ್ದಳು.

ಶಿವರಾತ್ರಿಯ ದಿನ ದುರ್ಗಪ್ಪ ಹೇಳಿದ ಮಾತಿನಂತೆ ಬಂದ. ಕಂದು ಬಣ್ಣಕ್ಕೆ ತಿರುಗಿದ ಹಿತ್ತಿಲನ್ನು ಬೇಲಿಯಾಚೆಯಿಂದಲೇ ನೋಡಿದ. ಹೊಂಡಕ್ಕೆ ಹೋಗಿ ಬೆರಳದ್ದಿ ನೆಕ್ಕಿ ಉಗುಳಿದ. ಅಡ್ಡ ಬಿದ್ದಿದ್ದ ದಿಮ್ಮಿಗಳನ್ನು ನೋಡಿ ಅವನಿಗೆ ಎಲ್ಲ ತಿಳಿಯಿತು.

"ಇವಳು ತೋಡುವಾಗ ನೀ ಎಲ್ಲಿದ್ದೆ ಹೊನ್ನು?"

"ಚಾ ಮಾಡ್ತಿದ್ದೆ."

ದುರ್ಗಪ್ಪ ಹೊನ್ನುವಿನ ಕಡೆ ನೋಡಿದ, ಗಂಗೂ ಕಡೆ ನೋಡಿದ, ತನ್ನ ಚಪ್ಪಲಿಯ ಕಡೆ ನೋಡಿದ. "ಹತ್ತು ಜನರೆದುರಿಗೆ ಆಡಿದ ಮಾತು" ಎಂದ ಕೊನೆಗೆ. "ಮುರಿಯೋಕೆ ಬರೋದಿಲ್ಲ."

ಗಂಗೂ ಮಗಳ ಕೈ ಹಿಡಿದು ಆ ಒಂದೇ ಮೂಲಂಗಿಯ ಕಡೆ ತೋರಿಸಿದಳು. "ಅದು ಹಸಿರು ಅದೆ" ಎಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ಸುದ್ದಿ ಹೋಗಿ ಮೂರನೇ ದಿನಕ್ಕೆ ಸುಂಕಸಾಳದಿಂದ ಅಣ್ಣ ರಾಮನಾಥ ಬೈಕಿನಲ್ಲಿ ಬಂದ. ಗಾಡಿಯಿಂದ ಇಳಿಯಲಿಲ್ಲ. "ಅವ್ವ ಅಳ್ತದೆ ಅಂತ ಬಂದೆ. ನೀ ಬಾ, ಗದ್ದೆ ಕೆಲಸ ಅದೆ, ಊಟ ಅದೆ. ಅದನ್ನ ಕರ್ಕಂಡು ಬರ್ಬೇಡ." ಅದು ಎಂದರೆ ಮಗು. ಅವನ ಕಣ್ಣ ಮುಂದೆಯೇ ಮೂಗು ಒರೆಸಿಕೊಳ್ಳುತ್ತ ನಿಂತಿತ್ತು.

ಗಂಗೂ ಎಲ್ಲ ದಾರಿಗಳನ್ನೂ ಯೋಚಿಸಿದಳು. ಮಗುವನ್ನು ಎತ್ತಿಕೊಂಡು ಕಾರವಾರದ ಬಸ್ಸು ಹತ್ತಬಹುದು. ಇಳಿದ ಮೇಲೆ? ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಮೂರು ವರ್ಷದ ಹೆಣ್ಣುಮಗುವನ್ನು ಮಲಗಿಸಿಕೊಂಡು ಎಷ್ಟು ದಿನ? ಇಲ್ಲಿ ತಲೆಯ ಮೇಲೆ ಮಾಡು ಇದೆ, ದಿನಾ ಮೀನಿದೆ, ಸಿಹಿನೀರೂ ಇದೆ. ಮಗುವಿನ ಮಟ್ಟಿಗೆ ಹೊನ್ನು ಕೆಟ್ಟವಳಲ್ಲ. ಅದನ್ನು ಒಪ್ಪಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಮಗುವಿಗೆ ತಲೆ ಬಾಚಿ ಎರಡು ಜುಟ್ಟು ಕಟ್ಟಿದಳು. ಹೊನ್ನುವಿನ ಮುಂದೆ ನಿಂತು ಒಂದೇ ಉಸಿರಿನಲ್ಲಿ ಹೇಳಿದಳು: ಎಡಗಿವಿ ಸೋರುತ್ತದೆ, ಮೀಯಿಸುವಾಗ ಹತ್ತಿ ಇಡಿ. ಕೆಮ್ಮಿದರೆ ಕರಿಮೆಣಸು ಬೇಡ, ವಾಂತಿ ಮಾಡುತ್ತದೆ. ಹೊದಿಕೆಯಿಂದ ಒಂದು ಕಾಲು ಹೊರಗಿಟ್ಟೇ ಮಲಗುವುದು, ಒಳಗೆ ಸೇರಿಸಬೇಡಿ, ಎಚ್ಚರಾಗುತ್ತದೆ.

"ನಾನೂ ಹೆತ್ತವಳೇ" ಎಂದಳು ಹೊನ್ನು.

ಪ್ರೀತಿ ಮೂಲಂಗಿ ಕಿತ್ತು ತಂದು ಅವಳ ಚೀಲಕ್ಕೆ ಹಾಕಿತು. ಆಯಿ ಪೇಟೆಗೆ ಹೋಗುತ್ತಾಳೆ, ಸಂಜೆ ಬರುತ್ತಾಳೆ ಎಂದುಕೊಂಡಿತ್ತು ಅದು.

ಆಮೇಲೆ ಪ್ರತಿ ವರ್ಷ ನವರಾತ್ರಿ ಕಳೆದ ಮೇಲೆ ಗಂಗೂ ಅಣ್ಣನ ಗದ್ದೆಯ ಅಂಚಿನಲ್ಲಿ ತರಕಾರಿ ಹಾಕಿದಳು. ಬೆಳಗಿನ ಮೊದಲ ಬಸ್ಸಿಗೆ ಹೊರೆ ಹೇರಿಕೊಂಡು ಅಂಕೋಲೆ ಪೇಟೆಗೆ ಬಂದು, ಅದೇ ಮೂಲೆಯಲ್ಲಿ ಗೋಣಿ ಹಾಸಿದಳು. ಆ ಸಾಲಿನಲ್ಲಿ ಹರಿವೆ ಮಾರುವವರು ಹತ್ತು ಜನ. ಹೊನ್ನು ಶನಿವಾರ ಶನಿವಾರ ಗಂಗೂ ಹತ್ತಿರವೇ ಬರುವಳು, ಮೊಮ್ಮಗಳ ಕೈ ಹಿಡಿದುಕೊಂಡು. ಮೊದಲ ದಿನವೇ ಬಗ್ಗಿ ಮೆಲ್ಲಗೆ ಹೇಳಿದ್ದಳು. "ಅಪ್ಪನ ಸಂಗ್ತಿಗೇ ಅಮ್ಮನೂ ಲಾರಿಗೆ ಸಿಕ್ತು ಅಂತ ಹೇಳಿದ್ದೇನೆ. ಮಗು ಮರ್ತಿದೆ. ನೀ ಬಾಯಿ ಬಿಟ್ರೆ ನಾಳೆಯಿಂದ ಬೇರೆಯವರ ಹತ್ರ ಸೊಪ್ಪು ತಗಳ್ತೆ." ಗಂಗೂ ಬಾಯಿ ಬಿಡಲಿಲ್ಲ. ವಾರಕ್ಕೆ ಒಂದು ಸಲ, ಎರಡು ಕಟ್ಟು ಸೊಪ್ಪು ಕಟ್ಟುವಷ್ಟು ಹೊತ್ತು ಅವಳಿಗೆ ಸಿಗುತ್ತಿತ್ತು.

ಎರಡು ಸಾವಿರದ ಒಂಬತ್ತರ ಕಾರ್ತಿಕದಲ್ಲಿ ಪ್ರೀತಿಗೆ ಏಳು. ಎರಡನೇ ಇಯತ್ತೆಯ ಸಮವಸ್ತ್ರ, ಎರಡು ಜಡೆ, ಮುಂದಿನ ಎರಡು ಹಲ್ಲಿಲ್ಲ. ಎಡಗಿವಿಯಲ್ಲಿ ಹತ್ತಿ. ಹೊನ್ನು ಹಿಂದೆ ನಿಂತು, ವ್ಯಾಪಾರ ಮಾಡಲು ಮೊಮ್ಮಗಳನ್ನೇ ಮುಂದೆ ದೂಡಿದಳು.

"ಬಾಯಿ, ಹರಿವೆ ಹೆಂಗೆ?"

ಗಂಗೂ ಹೇಳಿದಳು.

"ಬೇರು ನೋಡು, ಒಣಗಿದ್ಯಾ ಕೇಳು" ಎಂದಳು ಹಿಂದಿನಿಂದ ಹೊನ್ನು.

"ಬೇರು ಒಣಗಿದ್ಯಾ ಬಾಯಿ?"

"ಇಲ್ಲ ಮಗಾ. ಮುಟ್ಟಿ ನೋಡು. ಇವತ್ತೇ ಕಿತ್ತದ್ದು."

ಹುಡುಗಿ ಬೇರು ಮುಟ್ಟಿ ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು. ಅವಳಿಗೆ ಮಾತಾಡುವ ಚಪಲ. "ನಮ್ಮ ಹಿತ್ತಿಲಲ್ಲೂ ಮೊದ್ಲು ಹರಿವೆ ಆಗ್ತಿತ್ತಂತೆ. ಈಗ ಎಂತಾ ಹಾಕಿದ್ರೂ ಸಾಯ್ತದೆ. ಹೊಂಡದ ನೀರು ಉಪ್ಪು. ಯಾರೋ ಗದ್ದೆಯವಳು ಇದ್ಲಂತೆ, ಅವಳು ಹಾಳು ಮಾಡಿ ಹೋದ್ಲಂತೆ. ಅಲ್ವಾ ಅಜ್ಜಿ?"

"ಹೌದು" ಎಂದಳು ಹೊನ್ನು.

ಗಂಗೂ ಬಾಳೆನಾರಿನಿಂದ ಕಟ್ಟು ಬಿಗಿದಳು. ಬಲಿತ ಎಲೆಗಳನ್ನು ತೆಗೆದು ಎಳೆಯದನ್ನೇ ಆರಿಸಿ ಇಟ್ಟಿದ್ದ ಎರಡು ಕಟ್ಟು. ಚೀಲಕ್ಕೆ ಹಾಕುವಾಗ ಮೇಲೊಂದು ಮೂಲಂಗಿಯನ್ನೂ ಸೇರಿಸಿದಳು.

ಹೊನ್ನು ಚೀಲಕ್ಕೆ ಕೈ ಹಾಕಿ ಮೂಲಂಗಿಯನ್ನು ಹೊರಗೆ ತೆಗೆದು, ಗೋಣಿಯ ಮೇಲೆ ಅದರ ಸಾಲಿನಲ್ಲೇ ನೆಟ್ಟಗೆ ಇಟ್ಟಳು.

"ಹೆಚ್ಚಿಗೆ ಬೇಡ" ಎಂದಳು.